ನಿಗಿ ಅನ್ನುವ ಕೆಂಪು

ಅಕ್ಕ ಬಲಗಣ್ಣು ಮುಚ್ಚಿದಳು. ಆಮೇಲೆ ಅದನ್ನು ತೆರೆದು ಎಡಗಣ್ಣು ಮುಚ್ಚಿದಳು. ಕೈಯಲ್ಲಿ ಹಿಡಿದ ಒದ್ದೆ ನೂಲಿನ ಲಡಿಯಿಂದ ನೀರು ಮೊಣಕೈವರೆಗೆ ಇಳಿದು ಕಿಟಕಿಯ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಹಿಂದೆ ನಿಂತವರು ಕೆಮ್ಮನ್ನೂ ನುಂಗಿಕೊಂಡಿದ್ದರು. ಬಣ್ಣದ ಬಾನಿಯ ಕೆಳಗಿನ ಉರಿ ತಗ್ಗಿಸಿ, ಕದಡುವ ಕೋಲನ್ನು ಅದರ ಬಾಯಿಗೆ ಅಡ್ಡ ಇಟ್ಟು, ಎಲ್ಲರೂ ಅವಳ ತುಟಿಯನ್ನೇ ನೋಡುತ್ತಿದ್ದರು. ಆ ತುಟಿಯಿಂದ ಬರಬೇಕಾದದ್ದು ಒಂದೇ ಒಂದು ಮಾತು.

ಅಕ್ಕ ಮತ್ತೊಮ್ಮೆ ಬಲಗಣ್ಣು ಮುಚ್ಚಿದಳು. ಮತ್ತೊಮ್ಮೆ ಎಡಗಣ್ಣು. ಆಮೇಲೆ ಲಡಿಯನ್ನು ಹಿಂಡಿ ಗೂಟಕ್ಕೆ ಸಿಕ್ಕಿಸಿ, ಏಪ್ರನ್ನಿಗೆ ಕೈ ಒರೆಸಿಕೊಂಡು, "ನಾಳೆ ನೋಡೋಣ" ಅಂದು ಹೊರಗೆ ಹೋದಳು.

ಉಣ್ಣೆಯ ನೂಲಿಗೆ ಬಣ್ಣ ಹಾಕುವ ಆ ಮನೆಯಲ್ಲಿ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಕೆಂಪಿನ ಬಾನಿ ಇಳಿಸಿದ ದಿನ ಅಕ್ಕ ಕಿಟಕಿಯ ಬೆಳಕಿಗೆ ಲಡಿ ಹಿಡಿದು ಹೇಳುತ್ತಿದ್ದುದು ಎರಡರಲ್ಲಿ ಒಂದು. ‘ನಿಗಿ’ ಅಂದರೆ ನೂಲು ಆ ಹೆಸರಿನಲ್ಲಿ ಹೊರಗೆ ಹೋಗುತ್ತದೆ, ನಾಟಕದ ಪರದೆಗೆ, ಬ್ಯಾಂಡಿನವರ ಕೋಟಿಗೆ, ದೊಡ್ಡ ಹೋಟೆಲುಗಳ ಮೆಟ್ಟಿಲಿಗೆ ಹಾಸುವ ಜಮಖಾನಕ್ಕೆ. ‘ಕೆಂಪು’ ಅಂದರೆ ಎಲ್ಲಿ ಬೇಕಾದರೂ ಸಿಗುವ ಕೆಂಪು, ಕುದುರೆ ಕಂಬಳಿಗೂ ಆದೀತು, ಮೂಟೆ ಕಟ್ಟುವ ದಾರಕ್ಕೂ ಆದೀತು. ನಾಳೆ ಅನ್ನುವುದು ಮೂರನೆಯ ಮಾತು. ಅದು ಬಂದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಮಾತು ಬೀಳದ ನೂಲನ್ನು ಒಣಗಿಸುವ ಹಾಗಿಲ್ಲ, ಅದು ಮೊದಲಿನಿಂದ ಬಂದ ಪದ್ಧತಿ. ಕೊನೆಗೆ ಬಾನಿ ಮಾವ, ಅಂದರೆ ಬಾನಿಗಳನ್ನು ನೋಡಿಕೊಳ್ಳುವ ಮುದುಕ, ಲಡಿಗಳನ್ನೆಲ್ಲ ತಣ್ಣೀರಿನ ತೊಟ್ಟಿಗೆ ಇಳಿಸಿ ಮೇಲೆ ಹಲಗೆ ಮುಚ್ಚಿದ. ಹೆಣ ಕಾಯುವವನ ಹಾಗೆ ಅದರ ಮೇಲೆಯೇ ಕೂತು ಬೀಡಿ ಹಚ್ಚಿದ.

ನಿಗಿ ಅನ್ನುವ ಮಾತು ಅಕ್ಕನ ಅವ್ವನದು. ಕೆಂಡವನ್ನು ಕಂಡು ಜನ ನಿಗಿನಿಗಿ ಅನ್ನುತ್ತಾರಲ್ಲ, ಅವ್ವ ಅದರಲ್ಲಿ ಅರ್ಧವನ್ನು ತನ್ನ ಕೆಂಪಿಗೆ ತೆಗೆದಿಟ್ಟುಕೊಂಡಿದ್ದಳು. ಕೆಂಡಕ್ಕೆ ಎರಡು ಸಲ, ನೂಲಿಗೆ ಒಂದೇ ಸಲ. ಎರಡು ಸಲ ಅಂದರೆ ನೂಲು ಸುಟ್ಟುಹೋಗುತ್ತದೆ ಅನ್ನುತ್ತಿದ್ದಳು. ತಮಾಷೆಗೋ ನಿಜಕ್ಕೋ ಗೊತ್ತಾಗುವ ಹಾಗಿರಲಿಲ್ಲ, ನಗುವಾಗಲೂ ಅವ್ವನ ತುಟಿ ಬಿಡುತ್ತಿರಲಿಲ್ಲ. ನಿಗಿ ಅಂದರೆ ಯಾವ ಕೆಂಪು ಎಂದು ಕೇಳಿದವರಿಗೆ ಯಾವುದು ಅಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದಳು. ರಕ್ತ ಅಲ್ಲ, ಅದು ಹೊತ್ತು ಕಳೆದರೆ ಕಪ್ಪಾಗುತ್ತೆ. ಟೊಮೆಟೊ ಅಲ್ಲ, ಅದು ಮೆತ್ತಗೆ. ಹೆಂಚು ಅಲ್ಲ, ಅದು ಆರಿಹೋದದ್ದು. ಬೀಟ್‌ರೂಟು ಅಲ್ಲವೇ ಅಲ್ಲ. ಬೂದಿ ಮುಚ್ಚಿದ ಕೆಂಡಕ್ಕೆ ಉಫ್ ಅಂತ ಒಂದು ಸಲ ಊದಿ ನೋಡು, ಒಳಗಿಂದ ಒಂದು ಎದ್ದು ಬರುತ್ತಲ್ಲ, ಅದು.

ಬಣ್ಣದ ಮನೆಯ ಗೋಡೆಗಳ ಒಳಗೆ ಆ ಮಾತನ್ನು ಹೇಳುವ ಹಕ್ಕು ಕಿಟಕಿಯಲ್ಲಿ ನಿಂತವಳಿಗೆ ಮಾತ್ರ. ಬೇರೆಯವರಿಗೆಲ್ಲ ಅದು ಬರೀ ‘ಅದು’. ಇವತ್ತು ಅದಾ, ನೀಲಿಯಾ? ಅದಕ್ಕೆ ನೀರು ಕಾದಿದೆಯಾ? ಬಾಯಿ ತಪ್ಪಿ ಹೇಳಿದವರು ಎಲ್ಲರಿಗೂ ಚಹಾ ಕೊಡಿಸಬೇಕು. ಹೊಸದಾಗಿ ಸೇರಿದವರನ್ನು ಉಪಾಯವಾಗಿ ಮಾತಿಗೆಳೆದು ಬಾಯಿ ತಪ್ಪಿಸುವುದೇ ಹಳಬರ ದೊಡ್ಡ ಮನರಂಜನೆ.

ಆದರೆ ಗೇಟಿನ ಹೊರಗೆ ಮಾತಿಗೆ ಯಾರ ಕಾವಲು? ಅದು ಎಂದೋ ಗೋಡೆ ಹಾರಿ ಬೀದಿ ಪಾಲಾಗಿತ್ತು. ಬಸ್ಸಿನವನು ಆ ನಿಲ್ದಾಣ ಬಂದಾಗ ನಿಗಿ, ನಿಗಿ ಎಂದು ಎರಡೆರಡು ಸಲ ಕೂಗಿ ಇಳಿಸುತ್ತಿದ್ದ, ಏನೂ ಸುಟ್ಟುಹೋಗಿರಲಿಲ್ಲ. ತರಕಾರಿಯವಳ ಮೆಣಸಿನಕಾಯಿ ನಿಗಿ. ತುಟಿಗೆ ಹಚ್ಚುವ ಬಣ್ಣ ಕೊಳ್ಳಲು ಬಂದ ಹುಡುಗಿಯರು ಅಂಗಡಿಯಲ್ಲಿ ದನಿ ತಗ್ಗಿಸಿ ಒಂದು ನಿಗಿ ತೋರಿಸಿ ಅನ್ನುತ್ತಿದ್ದರು. ಶಾಲೆಯ ಮಾಸ್ತರರು ಸಿಟ್ಟಾದರೆ ಮಕ್ಕಳಲ್ಲಿ, ಮೂಗಿನ ತುದಿ ನಿಗಿ ಆಯ್ತು, ಇನ್ನು ಬೆನ್ನು ನಮ್ಮದಲ್ಲ ಎಂಬ ಪಿಸುಮಾತು. ಚೆಂದದ ಹೆಣ್ಣು ಕಂಡರೆ ಗಂಡಸರಿಗೂ ಅದೇ ಮಾತು. ಆ ಬಳಕೆಯನ್ನು ಅಕ್ಕ ಕೇಳಿಯೂ ಕೇಳದವಳಂತೆ ಮುಂದೆ ಹೋಗುತ್ತಿದ್ದಳು. ಇಷ್ಟೆಲ್ಲ ಬಾಯಿಗಳಲ್ಲಿ ಆಡಿದರೂ ಮಾತು ಹಾಳಾಗಿಲ್ಲ ಅನ್ನುವ ಧೈರ್ಯ ಅವಳಿಗಿತ್ತು. ಯಾಕೆಂದರೆ ಒಳಗೆ, ಕಿಟಕಿಯ ಹತ್ತಿರ, ಅದನ್ನು ಸರಿಯಾಗಿ ಹೇಳುವ ಒಂದು ಬಾಯಿ ಇತ್ತಲ್ಲ.

ಅವಳಿಗೆ ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, ಯಾರೂ ಒದ್ದೆಯಲ್ಲಿ ಚೆನ್ನಾಗಿ ಕಾಣಲಿಲ್ಲ ಅನ್ನುತ್ತಿದ್ದಳು. ಲೆಕ್ಕ, ಗಿರಾಕಿ, ಲಾರಿ ಎಲ್ಲ ತಮ್ಮನ ಪಾಲಿಗೆ. ಕಿಟಕಿ ಅವಳ ಪಾಲಿಗೆ. ಅವ್ವ ಹೋದ ಮೇಲೆ ಅವಳಲ್ಲಿ ಉಳಿದದ್ದು ಆ ಮಾತು ಒಂದೇ, ಅದು ಇಲ್ಲದಿದ್ದರೆ ಅವಳು ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿರುವ ಒಬ್ಬ ವಯಸ್ಸಾದ ಹೆಂಗಸು, ಅಷ್ಟೆ. ಇದು ಅವಳಿಗೆ ಗೊತ್ತಿತ್ತು. ತಮ್ಮನಿಗೂ ಗೊತ್ತಿತ್ತು. ಅವನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಅದು ಅವನ ಒಳ್ಳೆಯತನ.

ಕಣ್ಣಿಗೆ ಪೊರೆ ಬಂದದ್ದನ್ನು ಮೊದಲು ಕಂಡವಳು ತಮ್ಮನ ಮಗಳು ಚೂಟಿ. ಅತ್ತೆ ಸೂಜಿಗೆ ದಾರ ಪೋಣಿಸಲು ಹೋಗಿ ಗಾಳಿಗೆ ದಾರ ಪೋಣಿಸುತ್ತಿದ್ದಾರೆ ಎಂದು ಮನೆಯೆಲ್ಲ ಸಾರಿದಳು. ಡಾಕ್ಟರು ಮೊದಲು ಬಲಗಣ್ಣು ಮಾಡೋಣ, ಅದು ಸರಿಹೋದ ಮೇಲೆ ಎಡಗಣ್ಣು ಅಂದರು. ಬಲಗಣ್ಣಿನ ಪೊರೆ ತೆಗೆದು ಪಟ್ಟಿ ಬಿಚ್ಚಿದಾಗ ಅಕ್ಕನಿಗೆ ಮೊದಲು ಕಂಡದ್ದು ಡಾಕ್ಟರ ಅಂಗಿ. ಅಷ್ಟು ನೀಲಿ ಇರಬಹುದೆಂದು ಅವಳಿಗೆ ಅನ್ನಿಸಿರಲಿಲ್ಲ. ಮನೆಗೆ ಬಂದರೆ ಬಚ್ಚಲಿನ ಹೆಂಚು ನೀಲಿ, ಹಾಲಿನ ಪಾತ್ರೆಯ ಅಂಚು ನೀಲಿ, ಹಾಲಿನಲ್ಲೇ ಒಂದು ತೆಳ್ಳನೆ ನೀಲಿ. ಕನ್ನಡಿ ನೋಡಿಕೊಂಡು, ಇಷ್ಟು ದಿನ ಈ ಕಣ್ಣು ನನ್ನ ಮುಖಸ್ತುತಿ ಮಾಡ್ತಾ ಇತ್ತಲ್ಲೇ ಅಂದಳು. ತಮ್ಮ ತಲೆಗೂದಲಿಗೆ ಹಚ್ಚುವ ಬಣ್ಣ ಎಂಥದು ಅನ್ನುವುದೂ ಆವತ್ತೇ ತಿಳಿದದ್ದು.

ಡಾಕ್ಟರು ಹೇಳಿದ್ದರು: ಎಡಗಣ್ಣಿನ ಪೊರೆ ಚಹಾದ ಬಣ್ಣಕ್ಕೆ ತಿರುಗಿದೆ. ಚಹಾ ತುಂಬಿದ ಗಾಜಿನ ಲೋಟದ ಮೂಲಕ ಲೋಕ ನೋಡಿದ ಹಾಗೆ. ನಿಧಾನವಾಗಿ ಬಂದದ್ದರಿಂದ ನಿಮಗೆ ತಿಳಿದಿಲ್ಲ. ಅದನ್ನೂ ತೆಗೆದುಬಿಟ್ಟರೆ ಎರಡು ಕಣ್ಣೂ ಒಂದೇ ಆಗುತ್ತವೆ, ಹಿಂದೆ ಹೇಗೆ ಕಾಣುತ್ತಿತ್ತು ಅನ್ನೋದೇ ಮರೆತುಹೋಗುತ್ತೆ.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಒಣಗಲು ಹಾಕಿದ್ದ ನಿಗಿಯ ಮುಂದೆ ನಿಂತು ಅವಳು ಒಂದೊಂದೇ ಕಣ್ಣು ಮುಚ್ಚಿ ನೋಡಿದಳು. ಗಳುವಿನ ಉದ್ದಕ್ಕೂ ತೂಗುತ್ತಿದ್ದ ಲಡಿಗಳು ಅವಳೇ ಹೇಳಿ ಕಳಿಸಿದವು, ಆಪರೇಷನ್ನಿಗೆ ಮೊದಲು. ಎಡಗಣ್ಣಿಗೆ ಅವು ನಿಗಿ. ಎಳ್ಳಷ್ಟೂ ಅನುಮಾನವಿಲ್ಲದ ನಿಗಿ. ಬಲಗಣ್ಣಿಗೆ ಬೀಟ್‌ರೂಟು. ತೀರ ಬೀಟ್‌ರೂಟಲ್ಲ, ಆದರೆ ಅದರ ಮನೆಯ ದಾರಿ ಹಿಡಿದದ್ದು. ಎಲ್ಲೋ ಅಡಿಯಲ್ಲಿ ಒಂದು ನೀಲಿ ಸೇರಿಕೊಂಡು ಕೆಂಡವನ್ನು ಆರಿಸಿಬಿಟ್ಟಿತ್ತು.

ಹೇಗೆ ಆಯಿತೆಂದು ತಿಳಿಯಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಅವ್ವ ಮಾದರಿ ಇಟ್ಟುಕೊಂಡವಳಲ್ಲ. ಹಳೆಯ ಬಣ್ಣ ಸುಳ್ಳು ಹೇಳುತ್ತೆ, ಬೆಳಕು ಅದನ್ನು ತಿಂದಿರುತ್ತೆ ಅನ್ನುತ್ತಿದ್ದಳು. ಹಿಂದಿನ ಬಾನಿಯ ನೂಲಿನ ಒಂದು ಬಾಲ, ಬೆರಳುದ್ದದ್ದು, ಏಪ್ರನ್ನಿನ ಜೇಬಿನಲ್ಲಿರಬೇಕು. ಹೊಸದನ್ನು ಅದರ ಪಕ್ಕ ಹಿಡಿದು ನೋಡಬೇಕು. ಮಾತು ಬಿದ್ದ ಮೇಲೆ ಹಳೆಯ ಬಾಲ ಒಲೆಗೆ, ಹೊಸ ಬಾಲ ಜೇಬಿಗೆ. ಹೀಗೆ ಒಂದು ಇನ್ನೊಂದನ್ನು ನೋಡಿ, ಅದು ಮತ್ತೊಂದನ್ನು ನೋಡಿ, ವರ್ಷಗಟ್ಟಲೆ ನಡೆದಿತ್ತು. ಪೊರೆ ಕಂದು ಬಣ್ಣಕ್ಕೆ ತಿರುಗಿದ ಹಾಗೆಲ್ಲ ಅವಳಿಗೆ ಕೆಂಪು ಸ್ವಲ್ಪ ಹೆಂಚಿನ ಕಡೆ ವಾಲಿದಂತೆ ಕಾಣುತ್ತಿತ್ತು. ಆಗೆಲ್ಲ ಬಾನಿ ಮಾವನಿಗೆ, ಎರಡನೇ ಡಬ್ಬಿಯಿಂದ ಇನ್ನೊಂದು ಚಿಟಿಕೆ ಅನ್ನುತ್ತಿದ್ದಳು. ಎರಡನೇ ಡಬ್ಬಿಯದು ನೀಲಿ ಬೆರೆತ ಕೆಂಪು. ಚಿಟಿಕೆ ಚಿಟಿಕೆ ಸೇರಿ ಹಿಡಿಯಾಯಿತು. ಬಾನಿ ಮಾವನಿಗೆ ಡಬ್ಬಿ ಬೇಗ ಖಾಲಿಯಾಗುವುದು ಗೊತ್ತೇ ಇತ್ತು. ಅವಳು ಕೇಳಿದಾಗ ಅವನು ಬೀಡಿಯ ಬೂದಿ ಕೊಡವಿ, "ಬಾನಿ ನನ್ನದು, ಕಣ್ಣು ನಿಮ್ಮದು" ಅಂದ. ಆ ಮನೆಯ ಪದ್ಧತಿಯೇ ಅದು. ಕಣ್ಣಿನ ವಿಷಯ ಕೈ ಮಾತಾಡುವುದಿಲ್ಲ.

ಅಷ್ಟರಲ್ಲಿ ಹೋಟೆಲಿನವರ ಜಮಖಾನಕ್ಕೆ ಬೇಕಾದ ಹೊಸ ಬಾನಿ ಇಳಿಯಿತು. ಅಕ್ಕ ಕಿಟಕಿಗೆ ಹೋದಳು, ಒಂದು ಕಣ್ಣು ಮುಚ್ಚಿದಳು, ಇನ್ನೊಂದು ಕಣ್ಣು ಮುಚ್ಚಿದಳು, ನಾಳೆ ಅಂದಳು. ಮಾರನೆಯ ದಿನವೂ ನಾಳೆ ಅಂದಳು.

ತನಗೆ ನೆನಪಿರುವುದು ಅವ್ವನ ಕೆಂಪೇ, ಅಥವಾ ಹೊಸ ಕಣ್ಣು ಕಟ್ಟಿದ ಕತೆಯೇ ಎಂಬ ಅನುಮಾನ ಅವಳಿಗೂ ಇತ್ತು. ಅದಕ್ಕಾಗಿ ದರ್ಜಿಯ ಹತ್ತಿರ ಹೋದಳು. ನಾಟಕ ಮಂದಿರದ ಹಳೆಯ ಪರದೆ ಅವನ ಅಂಗಡಿಯಲ್ಲಿ ಬಿದ್ದಿತ್ತು. ರಂಗವನ್ನು ಅಗಲ ಮಾಡಿದ್ದರಿಂದ ಎರಡೂ ಬದಿಗೆ ಹೊಸ ಬಟ್ಟೆ ಸೇರಿಸಲು ಕೊಟ್ಟಿದ್ದರು. ಆ ಪರದೆಯ ನೂಲಿಗೆ ಮಾತು ಹೇಳಿದವಳು ಅವ್ವ. ಹೊರಮೈ ಎಂದೋ ಬಿಳಿಚಿಕೊಂಡಿತ್ತು, ಆದರೆ ಕೆಳ ಅಂಚನ್ನು ಎರಡು ಸಲ ಮಡಿಚಿ ಹೊಲಿದಿದ್ದರು. ಆ ಮಡಿಕೆಯ ಒಳಗೆ ಅಂದಿನಿಂದ ಬೆಳಕು ಬಿದ್ದಿಲ್ಲ.

ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರಿನ ಸುದ್ದಿಯೆಲ್ಲ ಹೇಳಬಲ್ಲವನು. ಅಂಚು ಬಿಚ್ಚು ಅಂದರೆ ಮೊದಲು ಒಪ್ಪಲಿಲ್ಲ. ಕೂತು ತಿಂದವನಿಗೆ ಹೊಲಿದವನ ಸಂಕಟ ಏನು ಗೊತ್ತು ಅಂದ. ಆಮೇಲೆ ಗೊಣಗುತ್ತಲೇ ಬ್ಲೇಡು ಹಾಕಿ ಅಂಗೈಯಗಲ ಬಿಚ್ಚಿದ. ಧೂಳು ಉದುರಿತು. ಮಡಿಕೆ ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದ.

ಅಕ್ಕ ಎಡಗಣ್ಣು ಮುಚ್ಚಿ ನೋಡಿದಳು. ಇತ್ತು. ಅವ್ವ ಊದಿದ ಹಾಗೆ, ಒಳಗಿಂದ ಎದ್ದು ಬರುತ್ತಿತ್ತು. ಇಷ್ಟು ವರ್ಷ ಮಡಿಕೆಯೊಳಗೆ ಯಾರಿಗೂ ಕಾಣದೆ ಉರಿಯುತ್ತ ಕೂತಿತ್ತು. ಬಲಗಣ್ಣು ಮುಚ್ಚಿ ನೋಡಿದರೆ, ಹೆಂಚು.

"ನೋಡಿದೆಯಾ ನಿಗಿ?" ಅಂದಳು.

ದರ್ಜಿ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಅಂಚಿಗೆ ಚುಚ್ಚಿಕೊಂಡ. "ಯಾವುದು, ಇದಾ?" ಅಂದ. "ಇದು ಕಿತ್ತಳೆ ಕಡೆ ಹೋಗಿದೆಯಲ್ಲಕ್ಕಾ. ನಿಗಿ ನೀವು ಕಳಿಸೋದು. ನೋಡಿ, ಅಲ್ಲಿದೆ." ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಹೊಸ ಬಟ್ಟೆಯನ್ನು ಗದ್ದದಿಂದ ತೋರಿಸಿದ.

ಅದು ಅವ್ವನ ಕೆಂಪು ಎಂದಳು ಅಕ್ಕ. ಇರಬಹುದು, ದೊಡ್ಡವರು, ಅವರ ಕಾಲದಲ್ಲಿ ಹಾಗೆ ಬರುತ್ತಿತ್ತೇನೋ ಎಂದ ಅವನು. ಆಮೇಲೆ ಅವಳ ಮುಖ ನೋಡಿ, ಸಮಾಧಾನ ಹೇಳಬೇಕು ಅನ್ನಿಸಿ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ, ನಿಮ್ಮ ಡಾಕ್ಟರು ಒಂದು ಕಾಮಾಲೆ ತೆಗೆದು ಇನ್ನೊಂದನ್ನ ಇಟ್ಟು ಕಳಿಸಿದ್ದಾರೆ ಎಂದು ನಗಿಸಲು ನೋಡಿದ. ಅಕ್ಕ ಅಂಚನ್ನು ಮೊದಲಿದ್ದಂತೆಯೇ ಮಡಿಚಿ ಹೊಲಿಯಲು ಹೇಳಿ, ಅವನು ಕೊನೆಯ ಗಂಟು ಹಾಕುವವರೆಗೂ ನಿಂತಿದ್ದು ಬಂದಳು.

ಮಾರನೆಯ ದಿನ ಚಿಕ್ಕ ಬಾನಿಯಲ್ಲಿ ನೀರು ಕಾಯಿಸಿ ಒಂದೇ ಒಂದು ಲಡಿಗೆ ಬಣ್ಣ ಹಾಕಲು ಬಾನಿ ಮಾವನಿಗೆ ಹೇಳಿದಳು. ಎರಡನೇ ಡಬ್ಬಿ ಮುಟ್ಟುವ ಹಾಗಿಲ್ಲ. ಅವನು ಹುಬ್ಬು ಎತ್ತಿದ, ಹಾಕಿದ. ಅಕ್ಕ ಪಕ್ಕದಲ್ಲೇ ನಿಂತು ಇನ್ನೂ ಸ್ವಲ್ಪ, ಸಾಕು, ಈಗ ಎತ್ತು ಅನ್ನುತ್ತಿದ್ದಳು. ಲಡಿ ಕೋಲಿನ ತುದಿಯಲ್ಲಿ ಎದ್ದು ಬಂದಾಗ ಅವಳ ಹೊಸ ಕಣ್ಣು ತುಂಬಿತು, ಹಬೆಗೆ. ಕಿಟಕಿಗೆ ಒಯ್ದಳು. ಹಳೆಯ ಕಣ್ಣನ್ನು ಅಂಗೈಯಿಂದ ಒತ್ತಿ ಹಿಡಿದಳು.

"ನಿಗಿ" ಅಂದಳು.

ಆ ಮಾತು ಬಿದ್ದ ಕೂಡಲೇ ಅಲ್ಲಿ ಕೆಲಸ ಶುರುವಾಗಬೇಕು. ಒಬ್ಬ ಗಳು ಇಳಿಸಬೇಕು, ಇನ್ನೊಬ್ಬ ಹಳೆಯ ಬಾಲಕ್ಕೆ ಕೈ ಚಾಚಬೇಕು, ಮತ್ತೊಬ್ಬ ಚಹಾಕ್ಕೆ ಓಡಬೇಕು. ಯಾರೂ ಅಲುಗಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾನಿ ಮಾವ ಹತ್ತಿರ ಬಂದ. ಅವನ ದನಿಯಲ್ಲಿ ಮರ್ಯಾದೆ ಬಿಟ್ಟು ಬೇರೇನೂ ಇರಲಿಲ್ಲ, ಅದೇ ಅವಳಿಗೆ ತಡೆಯಲಾಗದ್ದು.

"ಅಕ್ಕಾ, ಇನ್ನೊಂದು ಚಿಟಿಕೆ ಹಾಕಲಾ?"

ಸಂಜೆ ತಮ್ಮ ಬಂದ. ಹಿಂದಿನ ಕೋಣೆಯಲ್ಲಿ ಕುರ್ಚಿ ಇರಲಿಲ್ಲ, ಹಾಸಿಗೆಯ ಅಂಚಿನಲ್ಲಿ ಕೂತ. ಅವನು ಜಗಳಕ್ಕೆ ಬಂದಿರಲಿಲ್ಲ. ಹೋಟೆಲಿನವರು ಎರಡು ಸಲ ಹೇಳಿ ಕಳಿಸಿದ್ದಾರೆ, ತೊಟ್ಟಿಯ ನೀರು ವಾಸನೆ ಬರುತ್ತಿದೆ, ಇನ್ನೂ ಹೀಗೇ ಬಿಟ್ಟರೆ ಉಣ್ಣೆ ಕೊಳೆಯುತ್ತದೆ, ನೀನು ಕೆಂಪು ಅಂತಲಾದರೂ ಹೇಳು ಅಂದ. ಅದು ಕೆಂಪು ಅಲ್ಲ ಎಂದಳು ಅಕ್ಕ. ಹಾಗಾದರೆ ನಿಗಿ ಅನ್ನು ಎಂದ. ಅದು ನಿಗಿಯೂ ಅಲ್ಲ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನ ಬಾಯಿಗೆ ಬಂದಿತ್ತು. ನುಂಗಿಕೊಂಡ.

"ಊರೆಲ್ಲ ಯಾವುದನ್ನ ಹಾಗೆ ಕರೀತಾ ಇದೆಯೋ ಅದೇ ಅಲ್ಲವೇನೇ ಅಕ್ಕಾ ಅದು?"

"ಊರಿಗೆ ಹೇಳಿಕೊಟ್ಟವಳು ನಾನು ಕಣೋ. ತಪ್ಪು ಹೇಳಿಕೊಟ್ಟೆ."

"ಎಲ್ಲರಿಗೂ ಒಂದೇ ತಪ್ಪು ಹೇಳಿಕೊಟ್ಟಿದ್ದೀಯಲ್ಲ, ಮತ್ತೇನು ತೊಂದರೆ?"

ಅಕ್ಕನಿಗೆ ನಗು ಬಂತು. ಅವನಿಗೂ ಬಂತು. ಆ ಸಲಿಗೆಯಲ್ಲೇ ಅವನು ಒಂದು ದಾರಿ ಹೇಳಿದ. ಬಲಗಣ್ಣು ಮುಚ್ಚಿಕೊಂಡು ಹೇಳಿಬಿಡು, ಎಡಗಣ್ಣಿಗೆ ಅದು ನಿಗಿಯೇ ತಾನೆ? ಅಷ್ಟು ಹೊತ್ತು ಒಂದು ಕಣ್ಣು ಮುಚ್ಚಿದರೆ ಗಂಟೇನು ಹೋಗುತ್ತೆ? ಅಕ್ಕ ಅದನ್ನು ಮಾಡಿ ನೋಡದೆ ಬಿಟ್ಟಿರಲಿಲ್ಲ. ಕಣ್ಣು ಮುಚ್ಚಬಹುದು. ಮುಚ್ಚಿದ ಕಣ್ಣು ಏನು ನೋಡುತ್ತಿತ್ತು ಅನ್ನುವುದು ಬಾಯಿಗೆ ಗೊತ್ತಿರುತ್ತದೆ, ಆಗ ಬಾಯಿ ಏಳುವುದಿಲ್ಲ. ಆದರೆ ಇದನ್ನು ತಮ್ಮನಿಗೆ ಹೇಳಿದರೆ ಕತೆ ಕಟ್ಟುತ್ತೀಯ ಅಂದಾನು. ಅವನು ಏಳುತ್ತಾ, ಇದಕ್ಕೆಲ್ಲ ಮದ್ದು ಎಡಗಣ್ಣಿನದೂ ತೆಗೆಸಿಬಿಡುವುದು, ಎರಡೂ ಒಂದೇ ಆದರೆ ಜಗಳ ಎಲ್ಲಿಂದ ಬರುತ್ತೆ, ಡಾಕ್ಟರನ್ನು ಕೇಳಿ ಬರುತ್ತೇನೆ ಅಂದ. ಈ ಬಾನಿ ಮುಗಿಯಲಿ ಎಂದಳು ಅಕ್ಕ.

ಬೆಳಿಗ್ಗೆ ಚೂಟಿ ತೊಟ್ಟಿಯ ಹಲಗೆ ಸರಿಸಿ ತೋಳೇರಿಸಿ ಕೈ ಇಳಿಸಿದ್ದಳು. ಅವಳು ಬಣ್ಣದ ಮನೆಗೆ ಕೆಲಸಕ್ಕೆ ಬಂದದ್ದು ಯಾರ ಒತ್ತಾಯಕ್ಕೂ ಅಲ್ಲ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಕೂಡಲೇ ಅಂಗಳದ ಗೋಡೆ ಹತ್ತಿ ಕೂರುತ್ತಿದ್ದಳು. ಆ ಗೋಡೆ ಒಳಗೂ ಅಲ್ಲ, ಹೊರಗೂ ಅಲ್ಲ, ಅಲ್ಲಿ ಏನು ಬೇಕಾದರೂ ಅನ್ನಬಹುದು. ಅಕ್ಕ ಪಕ್ಕದಲ್ಲಿ ಕೂತು ಗಳುವಿನ ಮೇಲಿನ ನೂಲು ತೋರಿಸಿ ಅವಳ ಬಾಯಿಂದ ಮಾತು ಹೇಳಿಸುತ್ತಿದ್ದಳು. ಇದು? ಕೆಂಪು. ಇದು? ಇದೂ ಕೆಂಪು. ಇದು? ಆಗ ಹುಡುಗಿ ಕಾಲು ಕುಣಿಸಿ ನಿಗಿ ಅನ್ನುವಳು. ಒಂದು ಸಲವೂ ತಪ್ಪಿದವಳಲ್ಲ.

"ಅತ್ತೇ, ಇದು ನಾರ್ತಾ ಇದೆ," ಅಂದಳು ಚೂಟಿ. "ನಿಮ್ಮಪ್ಪನ ಕಾಲುಚೀಲ ತೊಳೆದ ನೀರೇನೋ ಅನ್ನಬೇಕು."

"ನಿನ್ನಪ್ಪನ ಕಾಲುಚೀಲ ಇರಬೇಕು. ನನ್ನಪ್ಪ ಕಾಲುಚೀಲ ಹಾಕ್ತಿರಲಿಲ್ಲ."

ಚೂಟಿ ನಗಲಿಲ್ಲ. ಒಂದು ಲಡಿ ಎತ್ತಿ ಹಿಂಡಿ, ಚಿಕ್ಕವಳಿದ್ದಾಗ ಗೋಡೆಯ ಮೇಲೆ ಕೂರಿಸಿ ನೀವು ನನಗೆ ತೋರಿಸಿದ್ದು ಯಾವುದು ಎಂದು ಕೇಳಿದಳು. ಇದೇ ಅಂದಳು ಅಕ್ಕ. ಅದು ಪೂರ್ತಿ ನಿಜವಲ್ಲ. ಆಗಿನದು ಅವ್ವನ ಕೆಂಪಿಗೂ ಇದಕ್ಕೂ ನಡುವೆ ಎಲ್ಲೋ ಇದ್ದಿರಬೇಕು. ಮಗು ಅದರ ಜೊತೆಗೇ ಬೆಳೆದು ಬಂದಿತ್ತು. ಅಕ್ಕ ಅದನ್ನು ಹೇಳಲಿಲ್ಲ.

"ಆಗ ಸುಳ್ಳು ಹೇಳಿಕೊಟ್ರಾ?"

"ನಂಗೆ ಕಂಡದ್ದನ್ನ ಹೇಳಿದೆ."

"ನಂಗೂ ಅದೇ ಕಾಣ್ತಾ ಇದೆ. ಈಗಲೂ. ನನ್ನ ಕಣ್ಣಿಗೆ ಪೊರೆ ಇಲ್ಲವಲ್ಲ ಅತ್ತೇ."

ಅಕ್ಕ ಅವಳ ಕಣ್ಣನ್ನು ನೋಡಿದಳು. ಬಲಗಣ್ಣಿನಿಂದ ನೋಡಿದಳು, ಅದರಲ್ಲಿ ಚೆನ್ನಾಗಿ ಕಾಣುತ್ತದೆಂದು. ತಿಳಿಯಾದ ಬಿಳಿ, ಅಂಚಿನಲ್ಲಿ ಹಾಲಿನಲ್ಲಿದ್ದಂಥದೇ ತೆಳ್ಳನೆ ನೀಲಿ. ಸುಳ್ಳು ಹೇಳಿಸುವಂಥ ಅಡ್ಡ ಏನೂ ಇಲ್ಲದ ಕಣ್ಣು. ಹುಡುಗಿ ಲಡಿ ಹಿಡಿದು ನಿಂತಿದ್ದಳು, ನೀರು ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

ಅಕ್ಕ ಏಪ್ರನ್ನಿನ ಗಂಟು ಬಿಚ್ಚಿದಳು. ಬಿಚ್ಚಿ ಬಹಳ ಕಾಲವಾಗಿದ್ದರಿಂದ ಅನ್ನುವ ಹಾಗಿಲ್ಲ, ದಿನಾ ಬಿಚ್ಚುತ್ತಿದ್ದಳು. ಆದರೂ ಗಂಟು ಬೇಗ ಬಿಡಲಿಲ್ಲ. ಅದನ್ನು ಚೂಟಿಯ ಸೊಂಟಕ್ಕೆ ಕಟ್ಟಿದಳು. ಜೇಬಿನಲ್ಲಿ ಹಿಂದಿನ ಬಾಲ ಇದೆ, ನೋಡು ಅಂದಳು. ಕಿಟಕಿಗೆ ಹೋಗು. ನಿಂಗೆ ಏನು ಕಾಣುತ್ತೋ ಅದನ್ನ ಹೇಳು, ನನ್ನ ಮುಖ ನೋಡಬೇಡ.

ಚೂಟಿ ಹೋದಳು. ಸಣ್ಣವಳಿದ್ದಾಗಿನ ಹಾಗೆ ಕಾಲು ಕುಣಿಸಲಿಲ್ಲ. ಹೊಸ ಲಡಿಯ ಪಕ್ಕ ಹಳೆಯ ಬಾಲ ಹಿಡಿದು, ತಲೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಿಸಿ, ಬಹಳ ಹೊತ್ತು ನೋಡಿದಳು. ಅಕ್ಕ ಬಾಗಿಲ ಹತ್ತಿರ ಬೇರೆಯವರ ಜೊತೆ ನಿಂತಿದ್ದಳು. ಅಲ್ಲಿಂದ ಕಿಟಕಿ ಇಷ್ಟು ದೂರ ಎಂದು ಅವಳಿಗೆ ಗೊತ್ತಿರಲಿಲ್ಲ.

"ನಿಗಿ," ಅಂದಳು ಚೂಟಿ.

ಅಭ್ಯಾಸಬಲದಿಂದ ಬಾನಿ ಮಾವ, ಚಹಾ ಕೊಡಿಸಬೇಕು ಎಂದು ಬಾಯಿ ತೆರೆದವನು ತುಟಿ ಕಚ್ಚಿಕೊಂಡು ಕೋಲು ತೆಗೆದುಕೊಂಡ. ಗಳು ಇಳಿಯಿತು. ತೊಟ್ಟಿಯಿಂದ ಲಡಿಗಳು ಎದ್ದು ತೊಳೆಯುವ ನೀರಿಗೆ ಹೋದವು. ಯಾರೋ ಚಹಾಕ್ಕೆ ಓಡಿದರು. ಚೂಟಿ ಹಳೆಯ ಬಾಲವನ್ನು ಒಲೆಗೆ ಎಸೆದಳು, ಅದು ಕೂದಲು ಸುಟ್ಟ ವಾಸನೆ ಬಿಟ್ಟು ಸುರುಟಿಕೊಂಡಿತು. ಹೊಸ ಬಾಲವನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡು ಮೇಲಿಂದ ಒಮ್ಮೆ ತಟ್ಟಿದಳು. ಅವ್ವನೂ ಹಾಗೆಯೇ ತಟ್ಟುತ್ತಿದ್ದಳು. ಹುಡುಗಿ ಅವ್ವನನ್ನು ಕಂಡವಳಲ್ಲ.

ಮಧ್ಯಾಹ್ನ ಅಕ್ಕ ಅಂಗಳದ ಗೋಡೆಯ ಮೇಲೆ ಕೂತಿದ್ದಳು. ಗಳುವಿನ ತುಂಬ ಹೊಸ ನೂಲು. ಕೆಳಗೆ ಬೀದಿಯಲ್ಲಿ ಬಸ್ಸು ನಿಂತು, ನಿಗಿ, ನಿಗಿ ಎಂದು ಕೂಗಿ ಇಬ್ಬರನ್ನು ಇಳಿಸಿ ಹೋಯಿತು. ಅಕ್ಕ ಎಡಗಣ್ಣು ಮುಚ್ಚಿದಳು: ಬೀಟ್‌ರೂಟು, ಗಾಳಿಗೆ ತೂಗುತ್ತಿತ್ತು. ಬಲಗಣ್ಣು ಮುಚ್ಚಿದಳು: ಚೂಟಿಯ ನಿಗಿ, ದರ್ಜಿಯ ನಿಗಿ, ಬಸ್ಸಿನವನ ನಿಗಿ. ಆ ಕಣ್ಣನ್ನು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಕೂತಳು. ಒಳಗೆ ಹುಡುಗಿ ಯಾರನ್ನೋ ಬೈಯುವುದು ಕೇಳಿಸುತ್ತಿತ್ತು.

ತಮ್ಮ ಬಂದು ಗೋಡೆಗೆ ಒರಗಿ ನಿಂತ. ಅವನ ಮುಖದಲ್ಲಿ ಒಂದು ಭಾರ ಇಳಿದ ಕಳೆ ಇತ್ತು. ಹೋಟೆಲಿನವರಿಗೆ ಹೇಳಿ ಕಳಿಸಿದ್ದಾಯಿತು, ಚೂಟಿ ಪರವಾಗಿಲ್ಲ, ನಿನ್ನ ಹಾಗೆಯೇ ನಿಲ್ಲುತ್ತಾಳೆ ಅಂದ. ಹಿಂದಿನ ಕೋಣೆ ಬೇಡ, ಇನ್ನು ಮುಂದೆ ಬೀದಿ ಕಡೆಯ ಕೋಣೆಯಲ್ಲೇ ಇರು, ಅಲ್ಲಿ ಬೆಳಕು ಚೆನ್ನಾಗಿ ಬರುತ್ತದೆ ಅಂದ. ಅಕ್ಕ ಆಗಲಿ ಎಂಬಂತೆ ತಲೆಯಾಡಿಸಿದಳು. ಡಾಕ್ಟರನ್ನು ಕಂಡು ಬಂದೆ, ನಾಳೆ ಬೆಳಿಗ್ಗೆ ಬಿಡುವಿದೆಯಂತೆ ಅಂದ. ಎಡಗಣ್ಣಿನದನ್ನೂ ಮುಗಿಸಿಬಿಡೋಣ. ಈಗ ನಿನಗೆ ಕಿಟಕಿಯ ಗೊಡವೆಯೂ ಇಲ್ಲ, ನಿಧಾನವಾಗಿ ಸುಧಾರಿಸಿಕೊಳ್ಳಬಹುದು. ನಾನೇ ಕರೆದುಕೊಂಡು ಹೋಗಿ ಬರುತ್ತೇನೆ. ಎರಡು ಕಣ್ಣೂ ಒಂದೇ ಆದರೆ ಈ ಮುಚ್ಚೋದು ತೆರೆಯೋದು ನಿಲ್ಲುತ್ತೆ; ಈ ವಯಸ್ಸಲ್ಲಿ ಅಕ್ಕ ಬೀದಿಯಲ್ಲಿ ಹೋಗೋರಿಗೆಲ್ಲ ಕಣ್ಣು ಹೊಡೀತಾಳೆ ಅಂತ ಆಡಿಕೊಳ್ಳೋದಾದರೂ ತಪ್ಪುತ್ತೆ.

ಅಕ್ಕ ನೂಲಿನ ಕಡೆಯಿಂದ ಮುಖ ತಿರುಗಿಸಲಿಲ್ಲ.

"ಬೇಡ," ಅಂದಳು.

"ನಾಳೆ ಬೇಡವಾದರೆ ಯಾವತ್ತು ಅಂತ ಹೇಳಲಿ ಅವರಿಗೆ?"

"ಬೇಡ ಅಂತ ಹೇಳು."